ಬೀಗವಿಲ್ಲದ ಹಳೆಯ ಆಟ

ಕಳೆದ ದಸರಾ ರಜೆಯಲ್ಲಿ ಹಿಂದೂಪುರದ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಲೇಪಾಕ್ಷಿಯ ಬಸವಣ್ಣನನ್ನು ನೋಡಬೇಕೆಂಬುದು ಬಹುದಿನದ ಆಸೆ. ಮಿತ್ರರ ತಮ್ಮನೂ ಕಲ್ಯಾಣದುರ್ಗದಿಂದ ಬಂದಿದ್ದರು. 2022ರಲ್ಲಿ ಜಿಲ್ಲೆ ಒಡೆದಾಗ ಅಣ್ಣ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರು, ತಮ್ಮ ಅನಂತಪುರದಲ್ಲೇ ಉಳಿದರು. ಇಬ್ಬರಿಗೂ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಮಲಯಾಳದ ನಡುವೆ ಬಾಳುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಊಟ ಮುಗಿದದ್ದೇ ತಡ, ಐವತ್ತರ ಹತ್ತಿರದ ಈ ಇಬ್ಬರು ಗೃಹಸ್ಥರು ಕಂಪ್ಯೂಟರಿನ ಮುಂದೆ ಕುಳಿತು ಪಿಶಾಚಿಗಳನ್ನು ಕೊಲ್ಲತೊಡಗಿದರು! ಆಟದ ಹೆಸರು 'ಡೂಮ್'. ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ತಂಡ 1993ರ ಡಿಸೆಂಬರಿನಲ್ಲಿ ಹೊರತಂದದ್ದು. ಅದರ ಮೊದಲ ಭಾಗವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು; ರುಚಿ ಹತ್ತಿದವರು ಉಳಿದ ಭಾಗಕ್ಕೆ ಹಣ ಕಳಿಸಬೇಕು. ಬೆಂಗಳೂರಿನ ಹಾಸ್ಟೆಲಿನಲ್ಲಿ ಅಣ್ಣನಿಗೆ ಅದು ಫ್ಲಾಪಿಯಲ್ಲಿ ದೊರೆತದ್ದು ಹೀಗೆಯೇ.

ಮುಂದೆ ಕಾಲ ಬದಲಾಯಿತು. ನಕಲು ತಡೆಯಲು ಕಂಪನಿಗಳು ಡಿಆರ್‌ಎಂ ಎಂಬ ಬೀಗ ಜಡಿದವು. ಅಣ್ಣ 2003ರಲ್ಲಿ ಕಾಸು ಕೊಟ್ಟು ಕೊಂಡ ಇನ್ನೊಂದು ಬಂದೂಕಿನ ಆಟದ ಸಿ.ಡಿ. ಈಗಲೂ ಕಪಾಟಿನಲ್ಲಿದೆ, ಗೀರೂ ಬಿದ್ದಿಲ್ಲ, ಆದರೆ ಓಡುವುದಿಲ್ಲ. ಆ ಕಾಲದ ಅನೇಕ ಸಿ.ಡಿ.ಗಳಲ್ಲಿ ಸೇಫ್‌ಡಿಸ್ಕ್ ಎಂಬ ಬೀಗವಿತ್ತು. ಅದರಿಂದ ಭದ್ರತೆಗೆ ಅಪಾಯವೆಂದು 2015ರ ವಿಂಡೋಸ್ 10 ಅದನ್ನು ಒಳಗೇ ಬಿಡಲಿಲ್ಲ. ಕಳ್ಳನಿಗೆಂದು ಹಾಕಿದ ಬೀಗ ಯಜಮಾನನನ್ನೇ ಹೊರಗೆ ನಿಲ್ಲಿಸಿತು. 'ದಿ ಕ್ರೂ' ಎಂಬ ಕಾರು ಓಟದ ಆಟದ ಕಥೆ ಇನ್ನೂ ಕಷ್ಟ: 2024ರ ಮಾರ್ಚಿನಲ್ಲಿ ಕಂಪನಿ ತನ್ನ ಸರ್ವರ್ ನಿಲ್ಲಿಸಿತು, ಕೊಂಡವರೆಲ್ಲರ ಆಟವೂ ನಿಂತಿತು. ಪುಸ್ತಕದಂಗಡಿ ಮುಚ್ಚಿದರೆ ನಮ್ಮ ಕಪಾಟಿನ ಪುಸ್ತಕ ಮಾಯವಾಗುವುದುಂಟೇ?

ಪೋಲೆಂಡಿನಲ್ಲಿ 2008ರಲ್ಲಿ ಆರಂಭವಾದ ಜಿಓಜಿ ಎಂಬ ಮಳಿಗೆ ಹಳೆಯ ಆಟಗಳನ್ನು ಈ ಬೀಗ ತೆಗೆದು ಮಾರುತ್ತದೆ. ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರಾಯಿತು, ಮುಂದೆ ಇಂಟರ್ನೆಟ್ ಇಲ್ಲದೆಯೂ ಹಾಕಿಕೊಳ್ಳಬಹುದು. ಬೀಗವಿಲ್ಲವೆಂದು ಊರಿಗೆಲ್ಲ ಹಂಚುವಂತಿಲ್ಲ; ತಮ್ಮ ತನ್ನ ಪ್ರತಿಯನ್ನು ತಾನೇ ಕೊಂಡಿದ್ದಾರೆ. ಇವರು ಆಡುತ್ತಿದ್ದುದು 2024ರ ಆಗಸ್ಟಿನಲ್ಲಿ ಬಂದ 'ಡೂಮ್', 'ಡೂಮ್ 2' ಎರಡೂ ಸೇರಿದ ಪರಿಷ್ಕೃತ ಆವೃತ್ತಿ. ಒಂದೇ ಪರದೆಯನ್ನು ಸೀಳಿ ನಾಲ್ವರು ಆಡಬಹುದು. ಚಿತ್ರ ಸ್ಪಷ್ಟ, ಸಂಗೀತ ಹೊಸದು. ಬೇಕಾದರೆ ಹಳೆಯದಕ್ಕೂ ಬದಲಾಯಿಸಿಕೊಳ್ಳಬಹುದು. ಅಣ್ಣ ಮೊದಲು ಮಾಡಿದ ಕೆಲಸ ಅದೇ.

ಎಲ್ಲವೂ ಹಿಂದಿನಂತೆಯೇ ಇಲ್ಲ. ಔಷಧಿಪೆಟ್ಟಿಗೆಯ ಮೇಲಿದ್ದ ಕೆಂಪು ಶಿಲುಬೆಯ ಜಾಗದಲ್ಲಿ ಈಗ ಮಾತ್ರೆಯ ಗುರುತು. ರೆಡ್‌ಕ್ರಾಸ್ ಲಾಂಛನಕ್ಕೆ ಕಾನೂನಿನ ರಕ್ಷಣೆಯಿದೆ. ಆದರೆ ಮೊದಲ ಹಂತದ ಗುಪ್ತದಾರಿ ಇದ್ದಲ್ಲೇ ಇದೆ. ಅಣ್ಣನ ಬೆರಳು ಯೋಚಿಸಲೇ ಇಲ್ಲ. ನೇರವಾಗಿ ಅದರೊಳಗೆ ನುಗ್ಗಿ, ಹೊರಗಿನ ಅಂಗಳದ ನೀಲಿ ಕವಚ ತೊಟ್ಟರು. "ನನಗೆ ಬಿಡೋ ಅಂದಿದ್ದೆನಲ್ಲ!" ಎಂದು ತಮ್ಮ ಕೂಗಿದರು.

ರಕ್ತ ಹರಿಸುವ ಈ ಆಟವನ್ನು ಮಕ್ಕಳ ಮುಂದಿಡಲು ಮೇಷ್ಟ್ರಾದ ನಮಗೆ ಮನಸ್ಸಿಲ್ಲ. ಆದರೂ ಒತ್ತಾಯಕ್ಕೆ ಹಿಡಿಕೆ ಹಿಡಿದೆವು. ಗೋಡೆಗೆ ಮುಖ ಮಾಡಿ ನಿಂತಿದ್ದಾಗಲೇ ಹಿಂದಿನಿಂದ ಗುಂಡು ಬಿತ್ತು. ಅಣ್ಣತಮ್ಮಂದಿರು ನಕ್ಕು ಮತ್ತೆ ಮೊದಲಿನಿಂದ ಶುರು ಮಾಡಿದರು. ಕಲ್ಯಾಣದುರ್ಗದ ಸಂಜೆಯ ಬಸ್ಸು ತಪ್ಪಿತು.