ರಂಪಣಿ ಎಳೆದ ಊರುಗಳು: ಕಡಲತಡಿಯ ಪಟ್ಣಗಳಲ್ಲಿ ಉಳಿದದ್ದೇನು?

ಉಡುಪಿ: ಘಟ್ಟದ ಮೇಲಿನವರಿಗೆ ಪಟ್ಟಣವೆಂದರೆ ಅಂಗಡಿ ಸಾಲು, ಬಸ್ ನಿಲ್ದಾಣ, ಸಿನಿಮಾ ಮಂದಿರ. ತುಳುನಾಡಿನ ಕಡಲತಡಿಯಲ್ಲಿ ‘ಪಟ್ಣ’ ಎಂಬ ಮಾತಿಗೆ ಬೇರೆಯದೇ ಅರ್ಥವಿದೆ. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಹೊಳೆ ಅಥವಾ ಗದ್ದೆ, ನಡುವಿನ ಮರಳಪಟ್ಟಿಯಲ್ಲಿ ತೆಂಗಿನ ಮರಗಳ ನೆರಳಿಗೆ ಒತ್ತಿಕೊಂಡು ನಿಂತ ಮನೆಗಳು: ಇದು ಮೀನುಗಾರರ ಪಟ್ಣ. ಹೆಜಮಾಡಿಯಿಂದ ಹೊರಟು ಪಡುಬಿದ್ರಿ, ಎರ್ಮಾಳು, ಉಚ್ಚಿಲ, ಕಾಪು, ಮಟ್ಟು, ಪಿತ್ರೋಡಿ ದಾಟಿ ಮಲ್ಪೆಗೆ ಬರುವವರೆಗೆ ಇಂಥ ವಸತಿಗಳು ಸಾಲಾಗಿ ಸಿಗುತ್ತವೆ. ಇಲ್ಲಿ ಬಹುಪಾಲು ಮೊಗವೀರರು. ಕುಂದಾಪುರದಿಂದ ಉತ್ತರಕ್ಕೆ ಹೋದಂತೆ ಕೊಂಕಣಿ ಮಾತನಾಡುವ ಖಾರ್ವಿಗಳ ಸಂಖ್ಯೆ ಹೆಚ್ಚುತ್ತದೆ. ಕ್ರೈಸ್ತ, ಮುಸ್ಲಿಂ ಮೀನುಗಾರರೂ ಈ ಕಡಲನ್ನೇ ನಂಬಿದವರು.

ಪಟ್ಣದ ಹಿರಿಯನಿಗೆ ‘ಗುರಿಕಾರ’ ಎಂದು ಹೆಸರು. ಮದುವೆಯ ವೀಳ್ಯ, ಸಾವಿನ ಸೂತಕ, ದೈವದ ಕೋಲ, ಬಲೆಯ ತಂಟೆ ಎಲ್ಲವೂ ಒಂದು ಕಾಲದಲ್ಲಿ ಆತನ ಮುಂದೆ ಬರುತ್ತಿದ್ದವು. ಕುಟುಂಬ ವ್ಯವಸ್ಥೆಯಲ್ಲಿ ಅಳಿಯಸಂತಾನ ಪದ್ಧತಿ ಇದ್ದುದರಿಂದ ಮನೆತನ ತಾಯಿಯ ಕಡೆಯಿಂದ ಸಾಗುತ್ತಿತ್ತು. ‘ಬಳಿ’ ತಾಯಿಯದು, ಒಂದೇ ಬಳಿಯೊಳಗೆ ಮದುವೆ ನಿಷಿದ್ಧ. ಕಾಂಚನ್, ಕುಂದರ್, ಕರ್ಕೇರ, ಮೆಂಡನ್, ಪುತ್ರನ್, ಸಾಲ್ಯಾನ್ ಮುಂತಾಗಿ ಇಂದು ಹೆಸರಿನ ಕೊನೆಗೆ ಅಂಟಿಕೊಂಡಿರುವ ಉಪನಾಮಗಳ ಹಿಂದೆ ಈ ಬಳಿಗಳ ನೆನಪಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿಯ ಲೆಕ್ಕ ಬದಲಾಯಿತು. ಬಳಿಯ ಲೆಕ್ಕವನ್ನು ಮಾತ್ರ ಮದುವೆ ಮಾತುಕತೆಯಲ್ಲಿ ಇಂದಿಗೂ ಕೇಳುವವರಿದ್ದಾರೆ.

ಆದರೆ ಈ ಊರುಗಳನ್ನು ಊರಾಗಿ ಹಿಡಿದಿಟ್ಟದ್ದು ಗುರಿಕಾರನ ಮಾತೊಂದೇ ಅಲ್ಲ. ಅದಕ್ಕಿಂತ ಗಟ್ಟಿಯಾದ ಬಂಧ ರಂಪಣಿ ಬಲೆಯದು.

ನೂರು ಕೈಗಳ ಬಲೆ

ರಂಪಣಿ ಎಂಬುದು ದಡದಿಂದ ಎಳೆಯುವ ಬೃಹತ್ ಬಲೆ. ಗೋವೆಯ ಕಡೆಯಿಂದ ಈ ಕರಾವಳಿಗೆ ಬಂತೆಂದು ಹೇಳಲಾಗುತ್ತದೆ. ಅಲ್ಲಿ ಇದನ್ನು ಎಳೆಯುವವರಿಗೆ ‘ರಾಂಪಣಕಾರ’ರೆಂದೇ ಹೆಸರು. ನೂರಾರು ತುಂಡುಗಳನ್ನು ಒಂದಕ್ಕೊಂದು ಹೊಲಿದು ಸೇರಿಸಿದ ಈ ಬಲೆ ಉದ್ದದಲ್ಲಿ ಕಿಲೋಮೀಟರು ಮೀರುವುದೂ ಇತ್ತು. ಒಂದು ಮನೆಯಿಂದ, ಒಂದು ಕುಟುಂಬದಿಂದ ಆಗುವ ಕೆಲಸವಲ್ಲ. ಹಾಗಾಗಿ ಹಲವು ಮನೆಗಳು ಕೂಡಿ ರಂಪಣಿ ‘ಕಂಪೆನಿ’ ಕಟ್ಟಿಕೊಂಡವು. ಹೆಸರು ಇಂಗ್ಲಿಷರದ್ದಾದರೂ ಒಳಗಿನ ವ್ಯವಹಾರ ಸಂಪೂರ್ಣ ಊರಿನದು.

ಮಳೆಗಾಲ ಮುಗಿದು ಕಡಲು ತಿಳಿಯಾಗುವ ಹೊತ್ತಿಗೆ ಬೂತಾಯಿ ಮತ್ತು ಬಂಗುಡೆ ದೊಡ್ಡ ದೊಡ್ಡ ಹಿಂಡುಗಳಾಗಿ ದಡದ ಸಮೀಪಕ್ಕೆ ಬರುತ್ತವೆ. ನೈಋತ್ಯ ಮಾರುತದ ಅವಧಿಯಲ್ಲಿ ಕಡಲಾಳದ ತಂಪು ನೀರು ಪೋಷಕಾಂಶಗಳೊಡನೆ ಮೇಲೆದ್ದು, ಅದರಿಂದ ಸೂಕ್ಷ್ಮ ಸಸ್ಯ, ಜೀವಿಗಳು ಹೇರಳವಾಗಿ ಬೆಳೆಯುವುದೇ ಇದಕ್ಕೆ ಕಾರಣ ಎಂದು ವಿಜ್ಞಾನ ಹೇಳುತ್ತದೆ. ಪಟ್ಣದ ಅನುಭವಿಗಳಿಗೆ ಬೇಕಾದದ್ದು ಕಣ್ಣು. ನೀರಿನ ಬಣ್ಣ ಕಂದುವುದು, ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಪುಟಿಯುವುದು, ಹಕ್ಕಿಗಳು ಮುಗಿಬೀಳುವುದು, ರಾತ್ರಿಯಾದರೆ ನೀರೊಳಗೆ ಮಿಂಚಿದಂತೆ ಹೊಳಪು ಕಾಣುವುದು ಹಿಂಡಿನ ಗುರುತುಗಳು. ಗುರುತು ಸಿಕ್ಕಿದರೆ ಕೂಗು. ಕೂಗಿಗೆ ಇಡೀ ಪಟ್ಣ ದಡಕ್ಕೆ.

ಹಗ್ಗದ ಒಂದು ತುದಿಯನ್ನು ದಡದಲ್ಲಿ ನಿಂತವರ ಕೈಗೆ ಕೊಟ್ಟು ದೋಣಿ ಕಡಲಿಗಿಳಿಯುತ್ತದೆ. ಹುಟ್ಟು ಹಾಕುತ್ತ, ಬಲೆಯನ್ನು ಇಳಿಬಿಡುತ್ತ, ಹಿಂಡನ್ನು ಬಳಸಿ ಅರ್ಧವೃತ್ತಾಕಾರದಲ್ಲಿ ಸಾಗಿ ದೂರದಲ್ಲಿ ಮತ್ತೆ ದಡ ಮುಟ್ಟುತ್ತದೆ. ಆಮೇಲೆ ಎರಡೂ ತುದಿಗಳಲ್ಲಿ ಸಾಲುಗಟ್ಟಿದ ಜನ ಒಂದೇ ಲಯದಲ್ಲಿ ಹಗ್ಗ ಎಳೆಯುತ್ತ ಹತ್ತಿರ ಹತ್ತಿರವಾಗುತ್ತಾರೆ. ಅರುವತ್ತು, ಎಂಬತ್ತು, ನೂರು ಮಂದಿ ಬೇಕಾದ ಕೆಲಸ. ಮೀನು ಅತಿಯಾದರೆ ಒಮ್ಮೆಗೇ ಎಳೆದು ಹಾಳುಮಾಡುವ ಪದ್ಧತಿ ಇರಲಿಲ್ಲ. ಬಲೆಯನ್ನು ನೀರಿನಲ್ಲೇ ಆವರಣದಂತೆ ನಿಲ್ಲಿಸಿ, ಮಾರುಕಟ್ಟೆಗೆ ಬೇಕಾದಷ್ಟನ್ನೇ ಸಣ್ಣ ಬಲೆಯಿಂದ ದಿನವೂ ತೆಗೆಯುತ್ತಿದ್ದರು. ಮಂಜುಗಡ್ಡೆಯ ಕಾರ್ಖಾನೆ ಕಾಣದ ಕಾಲದಲ್ಲಿ ಇದಕ್ಕಿಂತ ಜಾಣತನದ ಶೈತ್ಯಾಗಾರ ಬೇರೆ ಯಾವುದಿತ್ತು? ಉಳಿದದ್ದು ಉಪ್ಪಿಗೆ ಹೋಗುತ್ತಿತ್ತು. ಬ್ರಿಟಿಷರ ಮದ್ರಾಸು ಸರ್ಕಾರ ಮೀನಿಗೆ ಉಪ್ಪು ಹಾಕಲೆಂದೇ ಸುಂಕವಿಲ್ಲದ ಉಪ್ಪು ಸಿಗುವ ಯಾರ್ಡುಗಳನ್ನು ಈ ಕರಾವಳಿಯಲ್ಲಿ ತೆರೆದಿತ್ತು. ಅದಕ್ಕೂ ಮಿಕ್ಕಿದ ಬೂತಾಯಿ ಎಣ್ಣೆಯಾಯಿತು, ತೆಂಗಿನ ಬುಡಕ್ಕೆ ಗೊಬ್ಬರವಾಯಿತು.

ಪಾಲು ಹಂಚುವ ವಿಧಾನ ಗಮನಾರ್ಹ. ವಿವರಗಳು ಊರಿಂದೂರಿಗೆ ಬೇರೆಯಾದರೂ ತತ್ವ ಒಂದೇ: ದೋಣಿಗೊಂದು ಪಾಲು, ಬಲೆಗೊಂದು ಪಾಲು, ದುಡಿದ ಕೈಗಳಿಗೆ ಪಾಲು, ದೈವಸ್ಥಾನದ ಹೆಸರಿನಲ್ಲೂ ಒಂದಿಷ್ಟು. ಬಲೆಯ ತುಂಡು ಕೊಟ್ಟವನೂ ಪಾಲುದಾರನಾದ್ದರಿಂದ, ಹಗ್ಗ ಹಿಡಿಯಲಾರದ ವೃದ್ಧರ ಮನೆಗೂ ಮೀನಿನ ಋತುವಿನಲ್ಲಿ ಒಲೆ ಉರಿಯಲು ದಾರಿಯಿತ್ತು. ಹಾಗೆಂದು ಅದನ್ನು ಸಮಾನತೆಯ ಸ್ವರ್ಗವೆಂದು ಹೊಗಳುವುದು ಸರಿಯಲ್ಲ. ಹೆಚ್ಚು ತುಂಡು ಬಲೆಯಿದ್ದವನಿಗೆ ಹೆಚ್ಚು ಹಣ, ಮುಂಗಡ ಕೊಟ್ಟ ವ್ಯಾಪಾರಿಯ ಕೈಯಲ್ಲಿ ದರ ಎಂಬ ಕಷ್ಟಗಳು ಆಗಲೂ ಇದ್ದವು. ಮಳೆಗಾಲದ ಹಸಿವು ಎಷ್ಟೋ ಯುವಕರನ್ನು ಮುಂಬೈಗೆ ಅಟ್ಟಿತು. ಅಲ್ಲಿ 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿಕೊಂಡದ್ದು ಈ ವಲಸೆಯ ಹಳಮೆಗೆ ಸಾಕ್ಷಿ.

ಬೊಬ್ಬರ್ಯನೂ ಮಹಾಲಕ್ಷ್ಮಿಯೂ

ಕಡಲಿಗಿಳಿಯುವವನ ದೈವ ಬೊಬ್ಬರ್ಯ. ಈತನ ಕಥೆಗೆ ತುಳು ಪಾಡ್ದನಗಳಲ್ಲಿ ಹಲವು ಪಾಠಗಳಿವೆ. ಮುಸ್ಲಿಂ ವ್ಯಾಪಾರಿ ತಂದೆ, ಜೈನ ಮೂಲದ ತಾಯಿ. ಹಡಗು ಕಟ್ಟಿ ಕಡಲ ವ್ಯಾಪಾರ ಮಾಡಿದ ವೀರ. ಕಡಲಿನ ಕಾಳಗದಲ್ಲಿ ಮಡಿದು ದೈವವಾದವನು ಎಂಬುದು ಪ್ರಸಿದ್ಧ ಪಾಠ. ಹಿಂದೂ ಮೀನುಗಾರರ ಪಟ್ಣಗಳಲ್ಲಿ ಇಂಥ ಹುಟ್ಟಿನ ದೈವಕ್ಕೆ ಗುಡಿಯಿದೆ, ಕೋಲ ನಡೆಯುತ್ತದೆ ಎಂಬುದನ್ನು ಇಂದಿನ ದಿನಗಳಲ್ಲಿ ಬಿಡಿಸಿ ಹೇಳಬೇಕಾಗಿದೆ. ಪಟ್ಣದ ಜನರಿಗಂತೂ ಅದರಲ್ಲಿ ವಿಚಿತ್ರವೇನೂ ಕಂಡಿಲ್ಲ.

ಬಾರಕೂರು ಸಮೀಪದ ಬೆಣ್ಣೆಕುದ್ರುವಿನ ಕುಲಮಹಾಸ್ತ್ರೀ ಅಮ್ಮ ಮತ್ತು ಕುಂದಾಪುರ ಕಡೆಯ ಬಗ್ವಾಡಿಯ ಮಹಿಷಾಸುರಮರ್ದಿನಿ ಮೊಗವೀರರು ಪರಂಪರೆಯಿಂದ ನಡೆದುಕೊಳ್ಳುವ ದೇವಸ್ಥಾನಗಳು. ಉಚ್ಚಿಲದ ಮಹಾಲಕ್ಷ್ಮಿ ದೇವಸ್ಥಾನ ಅಷ್ಟು ಹಳೆಯದಲ್ಲ; ಸಮುದಾಯದ ಸಂಘಟನೆಯೇ 1950ರ ದಶಕದಲ್ಲಿ ಕಟ್ಟಿ ನಿಲ್ಲಿಸಿದ್ದು. 2022ರಲ್ಲಿ ಅದು ನವೀಕರಣಗೊಂಡಿತು, ಅದೇ ವರ್ಷ ‘ಉಚ್ಚಿಲ ದಸರಾ’ ಆರಂಭವಾಯಿತು. ಪರಂಪರೆ ಎಂಬುದು ಹಿಂದಿನವರು ಬಿಟ್ಟುಹೋದದ್ದು ಮಾತ್ರವಲ್ಲ, ಈಗಿನವರು ಕಟ್ಟಿಕೊಳ್ಳುವುದೂ ಹೌದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ನೂಲ ಹುಣ್ಣಿಮೆಯ ದಿನ ಸಮುದ್ರ ಪೂಜೆ. ಮಲ್ಪೆಯಲ್ಲಿ ವಡಭಾಂಡೇಶ್ವರದ ಬಲರಾಮನಿಗೆ, ಬೊಬ್ಬರ್ಯನಿಗೆ ಪೂಜೆ ಸಲ್ಲಿಸಿ ಮೆರವಣಿಗೆಯಲ್ಲಿ ಕಡಲತಡಿಗೆ ಬರುತ್ತಾರೆ. ಹಾಲು, ಸೀಯಾಳ, ಹೂವು, ಫಲಗಳನ್ನು ಸಮುದ್ರಕ್ಕೆ ಅರ್ಪಿಸುತ್ತಾರೆ. ಮಧ್ವಾಚಾರ್ಯರು ಬಿರುಗಾಳಿಗೆ ಸಿಕ್ಕ ಹಡಗನ್ನು ದಡ ಸೇರಿಸಿ, ಅದರಲ್ಲಿದ್ದ ಗೋಪೀಚಂದನದ ಹೆಂಟೆಯಿಂದ ಉಡುಪಿಯ ಕೃಷ್ಣನನ್ನು ಪಡೆದರೆಂಬ ಐತಿಹ್ಯ ಇದೇ ತೀರದ್ದು.

ಬಲೆ ಬದಲಾದಾಗ

ನೈಲಾನ್ ನೂಲು ಬಂದು ಹತ್ತಿಯ ಬಲೆಯನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಕಾಪಾಡುವ ಕೆಲಸ ನಿಂತಿತು. ಯಾಂತ್ರಿಕ ಟ್ರಾಲ್ ದೋಣಿಗಳು ಬಂದವು. ಇವೆರಡನ್ನೂ ಪಟ್ಣಗಳು ಹೇಗೋ ಜೀರ್ಣಿಸಿಕೊಂಡವು. ಪೆಟ್ಟು ಬಿದ್ದದ್ದು 1970ರ ದಶಕದ ಮಧ್ಯದಲ್ಲಿ, ಪರ್ಸೀನ್ ಬೋಟುಗಳಿಂದ. ರಂಪಣಿಯವರು ದಡದಲ್ಲಿ ಕಾದು ಕೂತು ಹಿಡಿಯುತ್ತಿದ್ದ ಅದೇ ಬೂತಾಯಿ, ಬಂಗುಡೆಯ ಹಿಂಡನ್ನು ಪರ್ಸೀನ್ ಬೋಟು ನಡುಕಡಲಿಗೇ ಹೋಗಿ ಸುತ್ತುವರಿದು ಎತ್ತಿತು. ಹಿಂಡು ದಡ ತಲುಪುವ ಪ್ರಶ್ನೆಯೇ ಉಳಿಯಲಿಲ್ಲ. ಆ ದಶಕದ ಕೊನೆಯಲ್ಲಿ ರಂಪಣಿಯವರು ಬೀದಿಗಿಳಿದರು. ಗೋವೆಯಲ್ಲಿ ರಾಂಪಣಕಾರರ ಹೋರಾಟವೂ ಅದೇ ಕಾಲದ್ದು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ದೊಡ್ಡ ರಂಪಣಿಗಳು ಬಹುತೇಕ ಮಡಚಿ ಆಗಿತ್ತು. ಹಗ್ಗ ಎಳೆದವರಲ್ಲಿ ಅನೇಕರು ಪರ್ಸೀನ್ ಬೋಟುಗಳಲ್ಲೇ ಕಲಾಸಿಗಳಾದರು, ಕೆಲವರು ಪಾಲುದಾರರೂ ಆದರು.

ಇಂದು ದಡದಲ್ಲಿ ಕಾಣಸಿಗುವುದು ‘ಕೈರಂಪಣಿ’, ಅಂದರೆ ಕಡಿಮೆ ಉದ್ದದ, ಕಡಿಮೆ ಜನರ ಬಲೆ. ಆಗೊಮ್ಮೆ ಈಗೊಮ್ಮೆ ರಾಶಿ ಬೂತಾಯಿ ಬಿದ್ದಾಗ ಬೀಚಿಗೆ ಬಂದವರು ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುತ್ತಾರೆ. ಮೀನು ದಡಕ್ಕೆ ಬಂದ ಮೇಲಿನ ಲೋಕ ಹೆಂಗಸರದ್ದು. ಹರಾಜಿನಲ್ಲಿ ಕೊಂಡು, ಬುಟ್ಟಿ ಹೊತ್ತು, ಬಸ್ಸು ಹತ್ತಿ, ಮನೆ ಮನೆಗೆ ಮಾರಿ ಸಂಸಾರ ನಡೆಸಿದವರು ಅವರು. ಪಟ್ಣದ ನಗದು ವ್ಯವಹಾರ ಬಹುಕಾಲ ಅವರ ಸೆರಗಿನ ಗಂಟಿನಲ್ಲಿತ್ತು. ಪರಂಪರೆಯ ಪಟ್ಟಿಗಳಲ್ಲಿ ದೋಣಿಗೆ, ಬಲೆಗೆ ಸಿಗುವ ಜಾಗ ಈ ಬುಟ್ಟಿಗೆ ಸಿಗುವುದು ಅಪರೂಪ.

ಕೈರಂಪಣಿಗೆ ಈಗಿರುವ ದೊಡ್ಡ ಅಪಾಯ ಮೀನಿನ ಕೊರತೆಯೊಂದೇ ಅಲ್ಲ, ಮರಳಿನ ಕೊರತೆ. ಬಲೆ ಎಳೆಯಲು ತೆರೆದ, ಇಳಿಜಾರಾದ ಮರಳದಂಡೆ ಬೇಕು. ಕಡಲ್ಕೊರೆತ ತಡೆಯಲು ಸುರಿದ ಕಪ್ಪುಕಲ್ಲಿನ ಗೋಡೆಗಳ ಮೇಲೆ ದೋಣಿ ಇಳಿಸಲಾಗದು, ಹಗ್ಗ ಎಳೆಯಲಾಗದು. ಗೋಡೆಯಿಲ್ಲದಿದ್ದರೆ ತೆಂಗಿನ ಮರ, ರಸ್ತೆ, ಮನೆ ಕಡಲಪಾಲು. ಗೋಡೆ ಕಟ್ಟಿದರೆ ಕಸುಬು ಹೋಯಿತು. ಇನ್ನೊಂದೆಡೆ ಒಳ್ಳೆಯ ಮರಳದಂಡೆಗಳತ್ತ ಪ್ರವಾಸೋದ್ಯಮದ ಕಣ್ಣಿದೆ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆಯಿತು. ಮನ್ನಣೆ ಸಂತಸದ ವಿಷಯವೇ. ಆದರೆ ದಂಡೆಯಲ್ಲಿ ಬಲೆ ಒಣಗಿಸುವವನಿಗೆ, ಮೀನು ಒಣಗಿಸುವವಳಿಗೆ ಯಾವ ಜಾಗ ಎಂಬುದನ್ನು ಯೋಜನೆ ರೂಪಿಸುವಾಗಲೇ ಬರೆದಿಡಬೇಕು, ಆಮೇಲಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ಲಂಗರು ಹಾಕಿ ನಿಲ್ಲುವ ಈ ಎರಡು ತಿಂಗಳು ನಾಡದೋಣಿಗಳ ಕಾಲ. ಕಡಲಿನಲ್ಲಿ ‘ತೂಫಾನ್’ ಎದ್ದು ತಳ ಕದಡಿ ಹೋದ ಮೇಲೆ ಸಿಗಡಿ ದಡದತ್ತ ಬರುತ್ತದೆಂಬುದು ನಾಡದೋಣಿಯವರ ತಲೆಮಾರುಗಳ ಅರಿವು. ಮಳೆ ಹಿಡಿದ ಬೆಳಗುಗಳಲ್ಲಿ ಪಟ್ಣದ ಹಿರಿಯರು ದಡದಲ್ಲಿ ಕೊಡೆ ಹಿಡಿದು ನಿಂತು ನೀರಿನ ಬಣ್ಣ ನೋಡುವುದು ಈಗಲೂ ಇದೆ. ದೋಣಿ ಇಳಿಸುವುದೋ ಬೇಡವೋ ಎಂಬುದು ಅವರ ಮಾತಿನ ಮೇಲೆ ನಿಂತಿರುತ್ತದೆ.