ಗಣಿ ಮುಚ್ಚಿದ ಊರಲ್ಲಿ ಮನೆ ಯಾರದು?

ಬಂಗಾರಪೇಟೆಯಲ್ಲಿ ಮುಖ್ಯ ಹಳಿ ಬಿಟ್ಟು ಕವಲೊಡೆಯುವ ರೈಲು ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. 1894ರ ಈ ದಾರಿ ಹಾಕಿದ್ದು ಕೋಲಾರದ ಚಿನ್ನದ ಗಣಿಗಾಗಿ, ಅಂದರೆ ಕೆಜಿಎಫ್‌ಗಾಗಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಕೆಜಿಎಫ್‌ ಜನ ಊರು ಬಿಡದೆ ಉಳಿಯಲು ಸಾಧ್ಯವಾದದ್ದೂ ಇದೇ ಹಳಿಯಿಂದ. ಬೆಳಗಿನ ಜಾವದ ಗಾಡಿಗಳಲ್ಲಿ ಸಾವಿರಾರು ಜನ ಬೆಂಗಳೂರಿಗೆ ಹೊರಡುತ್ತಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಆಸ್ಪತ್ರೆ, ಕಂಪ್ಯೂಟರ್ ಕಂಪನಿ, ಎಲ್ಲ ಬಗೆಯ ಕೆಲಸದವರೂ ಅದರಲ್ಲಿರುತ್ತಾರೆ. ಬೆಂಗಳೂರಿನ ಬಾಡಿಗೆ ಕಟ್ಟಲಾಗದ್ದಕ್ಕೆ ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ ಕಳೆಯುವವರು ಇವರು. ರಾತ್ರಿ ಎಷ್ಟು ಹೊತ್ತಾದರೂ ವಾಪಸ್ ಬರುವುದು ಇಲ್ಲಿರುವ ಮನೆಗೆ. ಆ ಮನೆ ಕಾಗದದಲ್ಲಿ ಇನ್ನೂ ಬಹಳ ಜನರ ಹೆಸರಿಗೆ ಆಗಿಲ್ಲ.

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಸೈನೈಡ್ ಗುಡ್ಡಗಳು. ಚಿನ್ನದ ಅದಿರನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿಕೊಂಡ ಮೇಲೆ ಉಳಿದ ಬೂದು ಹಿಟ್ಟನ್ನು ನೂರು ವರ್ಷಕ್ಕೂ ಮಿಕ್ಕಿ ಇಲ್ಲೇ ಸುರಿದರು. ಮಳೆ ಕೊರೆದ ಸೀಳುಗಳು ಮೇಲಿಂದ ಕೆಳಗಿನವರೆಗೆ ಎದ್ದು ಕಾಣುತ್ತವೆ. ಬಹುಪಾಲು ಹುಲ್ಲೂ ಹುಟ್ಟದ ಮಣ್ಣು. ಸಿನಿಮಾದವರಿಗೆ ಅದು ಒಳ್ಳೆಯ ದೃಶ್ಯ. ಗುಡ್ಡದ ಬುಡದ ಮನೆಯವರಿಗೆ ಗಾಳಿ ತಿಂಗಳು ಬಂತೆಂದರೆ ಅನ್ನದ ತಟ್ಟೆಯಲ್ಲೂ ದೂಳು. ನಾನು ಹೋದ ಮನೆಯೊಂದರಲ್ಲಿ ಕಿಟಕಿಗೆ ಒದ್ದೆ ಸೀರೆ ಕಟ್ಟಿದ್ದರು. ನೀರಿನ ಡ್ರಮ್ಮಿನ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಮೇಲೊಂದು ಹಲಗೆ ಇಟ್ಟಿದ್ದರು. ಹಲಗೆಯ ಮೇಲೆ ಬೆರಳಾಡಿಸಿದರೆ ಗೋಧಿ ಹಿಟ್ಟಿನಷ್ಟು ನುಣುಪಾದ ಪುಡಿ ಹತ್ತುತ್ತಿತ್ತು. "ಬೆಳಗ್ಗೆ ಒರೆಸಿದ್ದು ಸಾರ್" ಎಂದರು ಆ ಮನೆಯ ಅಮ್ಮ.

ಗಣಿ ಕಾರ್ಮಿಕರಿಗೆ ಕಟ್ಟಿದ ಲೈನ್ ಮನೆಗಳ ಲೆಕ್ಕಾಚಾರ ಕಣ್ಣಾರೆ ನೋಡಿದರೆ ಮಾತ್ರ ತಿಳಿಯುತ್ತದೆ. ಗೋಡೆಗೆ ಗೋಡೆ ತಾಗಿಸಿ ಸಾಲಾಗಿ ಕಟ್ಟಿದ ಕೋಣೆಗಳು. ಮುಂದೆ ಕುಳಿತುಕೊಳ್ಳುವಷ್ಟು ಜಗಲಿ, ಒಳಗೆ ಹತ್ತಡಿ ಆಸುಪಾಸಿನ ಒಂದು ಕೋಣೆ, ಹಿಂದೆ ಒಲೆಗೆ ಒಂದಿಷ್ಟು ಜಾಗ, ಮೇಲೆ ತಗಡು. ಆರಂಭದಲ್ಲಿ ಕೂಲಿಗಳಿಗೆ ಕೊಟ್ಟಿದ್ದು ಬಿದಿರು ತಟ್ಟಿಯ ಗುಡಿಸಲು. ಗಾರೆ ಗೋಡೆ ಬಂದದ್ದು ಆಮೇಲೆ. ಮನೆಯೊಳಗೆ ಕಕ್ಕಸು ಇರಲಿಲ್ಲ. ಲೈನಿಗೆ ಒಂದು ಸಾಮೂಹಿಕ ಕಕ್ಕಸು, ಒಂದು ನಲ್ಲಿ. ಆ ಕಕ್ಕಸುಗಳನ್ನು ಕೈಯಿಂದ ಬಳಿಯುವ ಕೆಲಸಕ್ಕೆ ಇದೇ ಊರಿನ ಜನರನ್ನು ಹಚ್ಚಲಾಯಿತು. ಗಣಿ ಮುಚ್ಚಿ ಎಷ್ಟೋ ವರ್ಷ ಕಳೆದ ಮೇಲೂ ಆ ಅನ್ಯಾಯ ನಿಂತಿರಲಿಲ್ಲ. ಮನೆ ಚಿಕ್ಕದಾಯಿತು ಎಂದು ಮಾತಾಡುವವರು ಇದನ್ನೂ ಸೇರಿಸಿ ಮಾತಾಡಬೇಕು.

ಊರಿಗಾಂ ಕಡೆ ನಡೆದರೆ ಬೇರೆಯದೇ ಲೋಕ. ಅಗಲವಾದ ಕಾಂಪೌಂಡು, ಮರಗಳು, ಎತ್ತರದ ಚಾವಣಿಯ ಬಂಗಲೆಗಳು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿ ನಡೆಸಲು ಬಂದ ಮೇಲೆ ಇಂಗ್ಲಿಷ್ ಅಧಿಕಾರಿಗಳು ಇಲ್ಲಿ ಪುಟ್ಟ ಇಂಗ್ಲೆಂಡನ್ನೇ ಕಟ್ಟಿಕೊಂಡರು. ಶಿವನಸಮುದ್ರದಿಂದ 1902ರಲ್ಲಿ ಗಣಿಗೆ ವಿದ್ಯುತ್ ಬಂತು, ಬೆಂಗಳೂರಿಗೆ ಬಂದದ್ದು ಅದಾದ ಮೂರು ವರ್ಷಕ್ಕೆ. ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ನೀರೂ ಬಂತು. ಆ ಸೌಕರ್ಯ ಊರಿಗೆಲ್ಲ ಸಮನಾಗಿ ಹಂಚಿಕೆಯಾಗಲಿಲ್ಲ ಎಂಬುದಕ್ಕೆ ಬಂಗಲೆ ಮತ್ತು ಲೈನುಗಳ ನಡುವಿನ ಈ ಸಣ್ಣ ನಡಿಗೆಯೇ ಸಾಕ್ಷಿ.

ಲೈನುಗಳಲ್ಲಿ ನೆಲೆಸಿದವರು ಹೆಚ್ಚಾಗಿ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತ ಕುಟುಂಬಗಳು. ಊರಿನಲ್ಲಿ ಜಾತಿಯ ಹೊಲಗೇರಿ ಬಿಟ್ಟು, ಇಲ್ಲಿ ಪಾತಾಳಕ್ಕಿಳಿದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಕೆಳಗೆ ಬಂಡೆ ಮುಟ್ಟಲಾಗದಷ್ಟು ಬಿಸಿ. ಬಂಡೆ ಸಿಡಿದರೆ ಮೇಲಿನ ಮನೆಗಳ ಪಾತ್ರೆ ಅಲುಗುತ್ತಿದ್ದವು. ಅದನ್ನು ಇವತ್ತಿಗೂ ಹಳಬರು 'ಏರ್ ಬ್ಲಾಸ್ಟ್' ಎನ್ನುತ್ತಾರೆ. ಪಾತ್ರೆ ಸದ್ದಾದರೆ ಹೆಂಗಸರು ಶಾಫ್ಟಿನ ಬಾಗಿಲಿಗೆ ಓಡುತ್ತಿದ್ದರು. ಉಳಿದು ಬಂದವರನ್ನು ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕುಳಿತು ನಿಧಾನವಾಗಿ ಕೊಂದಿತು. ಇಷ್ಟರ ನಡುವೆಯೂ ಇದೇ ಜನ ಶಾಲೆ ಕಟ್ಟಿದರು, ಸಂಘ ಕಟ್ಟಿದರು. ಅಯೋತ್ತಿದಾಸ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿ ಬೇರು ಬಿಟ್ಟಿತು. ಅವರು ಆರಂಭಿಸಿದ್ದ 'ತಮಿಳನ್' ಪತ್ರಿಕೆ ಮುಂದೆ ಕೆಜಿಎಫ್‌ನಿಂದಲೇ ಹೊರಬಂತು. ಬೆರಳಚ್ಚು ದಾಖಲಿಸಬೇಕೆಂಬ ಆಜ್ಞೆಯ ವಿರುದ್ಧ 1930ರಲ್ಲಿ ಇಡೀ ಗಣಿ ಮುಷ್ಕರ ಹೂಡಿತು. ತಗಡಿನ ಚಾವಣಿ ನೋಡಿ ಬಡ ಬಡಾವಣೆ ಎಂದು ಮುಂದೆ ಹೋಗುವವರಿಗೆ ಈ ಓದು, ಈ ಹಟ ಕಾಣುವುದಿಲ್ಲ.

ಒಂದು ಲೈನಿನ ಕೊನೆಯ ಮನೆಯ ಜಗಲಿಯಲ್ಲಿ ನಿವೃತ್ತ ಗಣಿ ಕಾರ್ಮಿಕರೊಬ್ಬರು ಕುಳಿತಿದ್ದರು. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ಚಾಪೆ ಸರಿಸಿದರು. ಕನ್ನಡ, ತಮಿಳು ಎರಡೂ ಅವರ ಮಾತಿನಲ್ಲಿ ಬೆರೆತಿದ್ದವು. ಅವರ ಅಪ್ಪ ಅಂಡರ್‌ಗ್ರೌಂಡ್, ತಾತನೂ ಅಂಡರ್‌ಗ್ರೌಂಡ್. ಮೂವರೂ ಇದೇ ಬಾಗಿಲಿಂದ ಶಿಫ್ಟಿಗೆ ಹೊರಟವರು. ಕಬ್ಬಿಣದ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಬಿಚ್ಚಿದರು. ಕಂಪನಿ ಮನೆ ಹಂಚಿದ ಹಳೆಯ ಚೀಟಿ, ಸೇವೆ ಮುಗಿದ ಪತ್ರ, ಕರೆಂಟ್ ಬಿಲ್ಲು, ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ. ಎಲ್ಲದರಲ್ಲೂ ಇದೇ ವಿಳಾಸ. ಕ್ರಯಪತ್ರ ಮಾತ್ರ ಇಲ್ಲ. "ತಾತಾ, ಯಾರಾದರೂ ಕೊಳ್ಳೋಕೆ ಬರ್ತಾರಾ?" ಎಂದೆ. "ಬರ್ತಾರೆ. ಅಗ್ರಿಮೆಂಟ್ ಮಾಡ್ಕೋತೀವಿ ಅಂತಾರೆ. ನನ್ನ ಹೆಸರಲ್ಲೇ ಇಲ್ಲದ್ದನ್ನ ನಾನು ಹೆಂಗೆ ಬರ್ಕೊಡ್ಲಿ?" ಎಂದರು.

ಇಡೀ ಊರಿನ ಮನೆ ವ್ಯವಹಾರದ ಗಂಟು ಇರುವುದು ಇಲ್ಲಿಯೇ. ಗಣಿ ಪ್ರದೇಶದ ನೆಲ, ಅದರ ಮೇಲಿನ ಲೈನುಗಳು, ಬಹುಪಾಲು ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರಕಾರಿ ಕಂಪನಿಯ ಲೆಕ್ಕದಲ್ಲಿವೆ. ಮನೆಯನ್ನು ವಾಸವಿರುವ ಕಾರ್ಮಿಕರಿಗೇ ಬಿಟ್ಟುಕೊಡಬೇಕು ಎಂಬ ಬೇಡಿಕೆ ಗಣಿ ಮುಚ್ಚಿದಂದಿನಿಂದಲೂ ಇದೆ. ಸಂಘಗಳು ಕೋರ್ಟು, ಕಚೇರಿ ಅಲೆದಿವೆ. ಈ ನಡುವೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ, ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿರುವ 13 ಸೈನೈಡ್ ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಗುಡ್ಡದ ಹಿಟ್ಟಿಗೆ ಬೆಲೆ ಕಟ್ಟುವ ಲೆಕ್ಕ ಸಿದ್ಧವಿದೆ. ಗುಡ್ಡದ ಬುಡದಲ್ಲಿ ಮೂರು ತಲೆಮಾರು ದೂಳು ತಿಂದವರ ಮನೆಯ ಹಕ್ಕು ಅದಕ್ಕಿಂತ ಮೊದಲು ತೀರ್ಮಾನವಾಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಿನಲ್ಲಿ ಸೈಟು ಕೈಗೆಟುಕದೆ ಇತ್ತ ನೋಡುವವರು ಈಗ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು: ಲೈನ್ ಮನೆಯನ್ನು ಅಗ್ರಿಮೆಂಟ್ ಮೇಲೆ, ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಕೊಳ್ಳಬೇಡಿ. ಜಿಪಿಎ ಬರೆಸಿಕೊಂಡ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಯಾಗಿದೆ. ನಿಮ್ಮ ದುಡ್ಡು ಮುಳುಗುವುದು ಒಂದು ಮಾತು. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಒಂದಿಷ್ಟು ಹಣಕ್ಕೆ ಸ್ವಾಧೀನ ಬಿಟ್ಟುಕೊಟ್ಟ ಕಾರ್ಮಿಕನಿಗೆ ನಾಳೆ ಹಕ್ಕುಪತ್ರ ಹಂಚುವಾಗ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡದು.

ಕೊಳ್ಳಲೇಬೇಕೆಂದರೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಿವೆ. ಇವು ಗಣಿಯ ಜೊತೆಗೇ ಬೆಳೆದ ಪೇಟೆಗಳು. ಇಲ್ಲಿ ಖಾಸಗಿ ಆಸ್ತಿಯಿದೆ, ನಗರಸಭೆಯ ಖಾತೆ ಇದೆ. ಗೀತಾ ರಸ್ತೆಯ ಆಸುಪಾಸಿನಲ್ಲಿ ನಡೆದರೆ ಬೀದಿಗಳು ನೇರವಾಗಿ, ಅಗಲವಾಗಿವೆ. ಎಂ.ಜಿ. ಮಾರುಕಟ್ಟೆಯಲ್ಲಿ ತರಕಾರಿ, ಮಾಂಸ, ಬಟ್ಟೆ, ಪಾತ್ರೆ ಎಲ್ಲವೂ ನಡೆದುಹೋಗುವ ದೂರದಲ್ಲಿ ಸಿಗುತ್ತವೆ. ಸಂಬಳದ ದುಡಿಮೆಯ ಮೇಲೆ ಬದುಕುವವರಿಗೆ ಇದು ಸಣ್ಣ ಅನುಕೂಲವಲ್ಲ. ಮೂಲ ಕ್ರಯಪತ್ರದಿಂದ ಇಂದಿನವರೆಗಿನ ಕಾಗದಗಳ ಸರಪಳಿ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಇ-ಖಾತೆ ಮಾರುವವರ ಹೆಸರಿಗೇ ಇದೆಯೇ, ಕಂದಾಯ ಕಟ್ಟಿದ್ದಾರೆಯೇ ಎಂದು ನಗರಸಭೆಯಲ್ಲಿ ಕೇಳಿ. ಇಷ್ಟು ಎಲ್ಲ ಊರಲ್ಲೂ ಮಾಡುವ ಕೆಲಸ.

ಈ ಊರಿಗೆಂದೇ ಇನ್ನೂ ಕೆಲವು ಪ್ರಶ್ನೆಗಳಿವೆ. ನೆಲದಡಿಯಲ್ಲಿ ನೂರಾರು ಕಿಲೋಮೀಟರು ಸುರಂಗವಿದೆ. ಗಣಿ ನಿಂತು ಪಂಪು ನಿಲ್ಲಿಸಿದ ಮೇಲೆ ಅದರಲ್ಲಿ ನೀರು ತುಂಬಿದೆ. ಆದ್ದರಿಂದ ಹಳೆಯ ಶಾಫ್ಟ್ ಎಷ್ಟು ದೂರದಲ್ಲಿದೆ ಎಂದು ಬ್ರೋಕರನ್ನಲ್ಲ, ಅಕ್ಕಪಕ್ಕದ ಹಳಬರನ್ನು ಕೇಳಿ. ಗಣಿಯಲ್ಲಿ ದುಡಿದವರಿಗೆ ಕಾಲಡಿಯ ನಕ್ಷೆ ಬಾಯಿಪಾಠ. ಗೋಡೆಯ ಬಿರುಕು ಗಾರೆಯಲ್ಲಿ ಮಾತ್ರವೋ, ಬುನಾದಿಯಿಂದಲೇ ಏರಿದೆಯೋ ನೋಡಿ. ಗಾಳಿ ಬೀಸುವ ತಿಂಗಳಲ್ಲೇ ಒಮ್ಮೆ ಬಂದು ನೋಡಿ, ದೂಳು ಆ ಬೀದಿಗೆ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದಕ್ಕೆ ಪಕ್ಕದ ಮನೆಯವರ ಡ್ರಮ್ಮುಗಳನ್ನು ಎಣಿಸಿದರೆ ಸಾಕು. ಬೆಂಗಳೂರಿನಲ್ಲಿ ಕೆಲಸವಿದ್ದರೆ, ಕೊಳ್ಳುವ ಮೊದಲು ಒಂದು ವಾರ ರೈಲಿನಲ್ಲಿ ಓಡಾಡಿ ನೋಡಿ. ಬೆಳಗಿನ ಗಾಡಿಯಲ್ಲಿ ನಿಂತು ಹೋಗಲು ಆಗದವರಿಗೆ ಅಗ್ಗದ ಮನೆಯೂ ದುಬಾರಿಯೇ.

ಸಂಜೆ ಲೈನಿಗೆ ಮರಳಿದಾಗ ಆ ತಾತನ ಮಗ ವಾರದ ರಜೆಯಲ್ಲಿ ಹಿತ್ತಿಲಲ್ಲಿ ಇಟ್ಟಿಗೆ ಜೋಡಿಸುತ್ತಿದ್ದ. ಬೆಂಗಳೂರಿನಲ್ಲಿ ಲಿಫ್ಟ್ ರಿಪೇರಿ ಅವನ ಕೆಲಸ. ಕಟ್ಟುತ್ತಿದ್ದುದು ಕಕ್ಕಸು. ಬ್ಯಾಂಕಿನಲ್ಲಿ ಪಟ್ಟಾ ಕೇಳಿದರಂತೆ, ಸಾಲ ಸಿಗಲಿಲ್ಲ. ಚೀಟಿ ಎತ್ತಿ ಸಿಮೆಂಟು ತಂದಿದ್ದ. ನಾಳೆ ಯಾರಾದರೂ ಬಂದು ಖಾಲಿ ಮಾಡಿ ಎಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಅಮ್ಮನಿಗೆ ಮಂಡಿ ನೋವು ಸಾರ್, ರಾತ್ರಿ ಹೊತ್ತು ಅಷ್ಟು ದೂರ ನಡೆಯೋಕಾಗಲ್ಲ. ಪಟ್ಟಾ ಬರೋತನಕ ಅವರನ್ನ ಕಾಯಿಸೋಕಾಗುತ್ತಾ?" ಎಂದ. ಮುಂದಿನ ವಾರ ಚಾವಣಿ ಹಾಕುವುದಂತೆ, ಗೋಡೆಯನ್ನು ಮಾತ್ರ ಮೇಲೊಂದು ಕೋಣೆ ತಡೆಯುವಷ್ಟು ದಪ್ಪಕ್ಕೆ ಕಟ್ಟುತ್ತಿದ್ದ.