ನಾಡಿ ಹಿಡಿಯುವ ಕೈಗಡಿಯಾರ

ಈಚಿನ ವರುಷಗಳಲ್ಲಿ ಮದುವೆ, ಜಾತ್ರೆ, ಪುರಾಣ ಮಂಗಲಗಳಿಗೆ ಕೂಡುವ ಹಿರಿಯರ ಎಡಗೈಯನ್ನು ನೋಡಿದವರಿಗೆ ಒಂದು ಬದಲಾವಣೆ ಎದ್ದು ಕಾಣುತ್ತದೆ. ದಶಕಗಳ ಕಾಲ ಎಚ್‌ಎಮ್‌ಟಿ ಕಟ್ಟಿದ ಮಣಿಕಟ್ಟಿನ ಮೇಲೆ ಈಗ ಕರಿಯ ಗಾಜಿನ ಚೌಕವೊಂದು ಬಂದು ಕುಳಿತಿದೆ. ಬೆಂಗಳೂರಿನಲ್ಲಿಯೋ ಅಮೇರಿಕೆಯಲ್ಲಿಯೋ ಇರುವ ಮಗನೋ ಮಗಳೋ ಕಳುಹಿಸಿಕೊಟ್ಟ ಸ್ಮಾರ್ಟ್‌ವಾಚ್ ಅದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಎಚ್‌ಎಮ್‌ಟಿ ಗಡಿಯಾರಕ್ಕೆ ಬೆಳಿಗ್ಗೆ ಎದ್ದು ಕೀಲಿ ಕೊಡುವುದು ನಮ್ಮ ತಲೆಮಾರಿನವರ ನಿತ್ಯವಿಧಿಗಳಲ್ಲೊಂದಾಗಿತ್ತು. ಅದು ಹೊತ್ತು ಹೇಳುತ್ತಿತ್ತು, ಅಷ್ಟೇ. ಈ ಹೊಸದಾದರೋ ಎಷ್ಟು ಹೆಜ್ಜೆ ನಡೆದಿರಿ, ಎಷ್ಟು ಹೊತ್ತು ಮಲಗಿದಿರಿ, ಎದೆ ನಿಮಿಷಕ್ಕೆಷ್ಟು ಬಡಿಯುತ್ತಿದೆ ಎಂದು ಹಗಲಿರುಳೂ ಲೆಕ್ಕವಿಡುತ್ತದೆ. ಈ ಲೆಕ್ಕದಲ್ಲಿ ನೆಚ್ಚತಕ್ಕದ್ದೆಷ್ಟು, ಬಿಡತಕ್ಕದ್ದೆಷ್ಟು ಎಂಬುದನ್ನು ಮನೆಯ ಹಿರಿಯರ ಹಿತದೃಷ್ಟಿಯಿಂದ ವಿಚಾರಿಸುವುದು ಅವಶ್ಯವೆಂದು ನಮಗೆ ತೋರಿದೆ. ಇದನ್ನು ನಂಬಿ ರಕ್ತದೊತ್ತಡದ ಮಾತ್ರೆ ಬಿಟ್ಟವರನ್ನೂ, ಇದನ್ನು ನಂಬಿ ಇದ್ದ ನಿದ್ದೆಯನ್ನು ಕೆಡಿಸಿಕೊಂಡವರನ್ನೂ ನಾವು ಕಂಡಿದ್ದೇವೆ.

ನಾಡಿಗೂ ಗಡಿಯಾರಕ್ಕೂ ನಂಟು ಬೆಳೆದದ್ದು ಇಂದು ನಿನ್ನೆಯ ಮಾತಲ್ಲ. ನಮ್ಮಲ್ಲಿ ನಾಡೀಪರೀಕ್ಷೆಯ ವಿವರಣೆ ಶಾರ್ಙ್ಗಧರ ಸಂಹಿತೆಯಿಂದೀಚೆಗೆ ದೊರೆಯುತ್ತದೆ. ವೈದ್ಯನು ಮೂರು ಬೆರಳಿಟ್ಟು ನಾಡಿಯ ನಡೆ ಹಾವಿನಂತಿದೆಯೋ, ಕಪ್ಪೆಯ ನೆಗೆತದಂತಿದೆಯೋ, ಹಂಸಗತಿಯೋ ಎಂದು ಅರಿಯುವ ಆ ವಿದ್ಯೆಯಲ್ಲಿ ಗತಿಗೆ ಬೆಲೆ, ಎಣಿಕೆಗಲ್ಲ. ಎಣಿಕೆಯನ್ನು ಮುಂದೆ ತಂದವನು ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಿನ ವೈದ್ಯ ಜಾನ್ ಫ್ಲಾಯರ್. ಒಂದು ನಿಮಿಷವನ್ನು ಅಳೆಯುವುದಕ್ಕೆಂದೇ ಗಡಿಯಾರ ಮಾಡಿಸಿ, 1707ರಲ್ಲಿ ನಾಡಿ ಎಣಿಸುವ ಕ್ರಮವನ್ನು ಕುರಿತು ಆತ ಗ್ರಂಥ ಬರೆದನು. ಎದೆಗೆ ಪಟ್ಟಿ ಕಟ್ಟಿ ಅದರ ಸಂಕೇತವನ್ನು ಕೈಗಡಿಯಾರದಲ್ಲಿ ನೋಡುವ ಏರ್ಪಾಡನ್ನು ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಕ್ರೀಡಾಪಟುಗಳಿಗಾಗಿ ಹೊರತಂದಿತು. ಇಂದಿನ ಗಡಿಯಾರಕ್ಕೆ ಎದೆಪಟ್ಟಿಯೂ ಬೇಡವಾಗಿದೆ. ಅದನ್ನು ಬಿಚ್ಚಿ ಹಿಂಬದಿ ನೋಡಿದರೆ ಹಸಿರು ದೀಪ ಮಿನುಗುವುದು ಕಾಣುತ್ತದೆ. ರಕ್ತವು ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗ ಚರ್ಮದಡಿಯ ನಾಳಗಳಿಗೆ ರಕ್ತ ನುಗ್ಗುವುದರಿಂದ ಹಿಂದಿರುಗುವ ಬೆಳಕು ಕಡಮೆಯಾಗುತ್ತದೆ, ಬಡಿತಗಳ ನಡುವೆ ಹೆಚ್ಚುತ್ತದೆ. ಈ ಏರಿಳಿತವನ್ನೇ ಯಂತ್ರ ಎಣಿಸುತ್ತದೆ. ಸುಮ್ಮನೆ ಕುಳಿತವರಲ್ಲಿ ಈ ಎಣಿಕೆ ಬಹುಮಟ್ಟಿಗೆ ಸರಿ. ಅನುಮಾನವಿದ್ದವರು ಹೆಬ್ಬೆರಳಿನ ಬುಡದಲ್ಲಿ ಬೆರಳಿಟ್ಟು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ, ಗಡಿಯಾರದೊಂದಿಗೆ ತಾಳೆ ನೋಡಬಹುದು.

ಹೆಜ್ಜೆಯ ಲೆಕ್ಕದ ಮಾತು ಬೇರೆ. ಗಡಿಯಾರವು ಕಾಲನ್ನು ನೋಡುವುದಿಲ್ಲ. ಕೈ ಬೀಸುವ ಲಯದಿಂದ ಕಾಲಿನ ನಡೆಯನ್ನು ಊಹಿಸುತ್ತದೆ. ಜೋಳದ ರೊಟ್ಟಿ ಬಡಿಯುವ ತಾಯಂದಿರು ಒಲೆಯ ಮುಂದೆ ಕುಳಿತಲ್ಲಿಯೇ ನೂರಾರು ಹೆಜ್ಜೆ ಸಂಪಾದಿಸುವುದೂ, ಭಜನೆಯಲ್ಲಿ ತಾಳ ಹಾಕುವವರ ನಡಿಗೆ ಏರುತ್ತಾ ಹೋಗುವುದೂ ಇದರಿಂದಲೇ. ಅದೇ ತಾಯಿ ಕೊಡವನ್ನು ಸೊಂಟದ ಮೇಲಿಟ್ಟು ಕೈಯಿಂದ ತಬ್ಬಿ ಹಿಡಿದು ನಿಜವಾಗಿ ನಡೆದರೆ, ಕೈ ಅಲುಗದ ಕಾರಣ ಎಷ್ಟೋ ಹೆಜ್ಜೆಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಊರುಗೋಲು ಹಿಡಿದವರ ಪಾಡೂ ಅಷ್ಟೇ. ಕಾಯಕಕ್ಕೆ ಕೂಲಿ ತಪ್ಪಿಸಿ, ಕುಳಿತವರಿಗೆ ಬಹುಮಾನ ಕೊಡುವ ಶಾನುಭೋಗಿಕೆ ಇದು ಎಂದು ನಮ್ಮ ಮಿತ್ರರೊಬ್ಬರು ನಗೆಯಾಡುತ್ತಾರೆ.

ಅದಿರಲಿ, ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯಾದರೂ ಎಲ್ಲಿಂದ ಬಂದಿತು? ಇದು ಯಾವುದೋ ವೈದ್ಯಶಾಸ್ತ್ರದ ಕಟ್ಟಳೆಯೆಂದು ಹಲವರು ಭಾವಿಸಿದ್ದಾರೆ. ಸಂಗತಿ ಹಾಗಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರುಷ, ಜಪಾನಿನ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರಾಟಕ್ಕಿಟ್ಟು ಅದಕ್ಕೆ ‘ಮಾಂಪೊಕೆಯಿ’ ಎಂದು ಹೆಸರಿಟ್ಟಿತು. ‘ಮಾನ್’ ಎಂದರೆ ಹತ್ತು ಸಾವಿರ, ‘ಪೊ’ ಎಂದರೆ ಹೆಜ್ಜೆ, ‘ಕೆಯಿ’ ಎಂದರೆ ಅಳೆಯುವ ಸಾಧನ. ವ್ಯಾಪಾರದ ಹೆಸರೇ ಜಗತ್ತಿಗೆಲ್ಲ ಆರೋಗ್ಯದ ಸೂತ್ರವಾಗಿ ನಿಂತಿತು. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಐ-ಮಿನ್ ಲೀ ಹಾಗೂ ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಸರಾಸರಿ 72 ವರುಷ ವಯಸ್ಸಿನ 16,741 ಮಹಿಳೆಯರ ಹೆಜ್ಜೆಗಳನ್ನು ಅಳೆದು, ಮುಂದಿನ ವರುಷಗಳಲ್ಲಿ ಅವರನ್ನು ಗಮನಿಸಲಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400ರಷ್ಟು ಇಡುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಮೆಯಿತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿ, 7,500ರ ಸುಮಾರಿಗೆ ಏರಿಕೆ ನಿಂತಿತು. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ನಡೆದಿರಲೂಬಹುದು ಎಂಬ ಆಕ್ಷೇಪ ಇಂಥ ಅಧ್ಯಯನಗಳಿಗೆಲ್ಲ ಇದ್ದದ್ದೇ. ಆದರೂ ಮಂಡಿನೋವಿನಿಂದ ನರಳುತ್ತ, ರಾತ್ರಿ ಊಟವಾದ ಮೇಲೆ ಉಳಿದ ಎರಡು ಸಾವಿರ ಹೆಜ್ಜೆ ತೀರಿಸಲೆಂದು ಪಡಸಾಲೆಯಲ್ಲಿ ಗಿರಕಿ ಹೊಡೆಯುವ ನಿವೃತ್ತ ಗುರುಗಳಿಗೆ ಇದನ್ನು ತಿಳಿಸುವುದು ನಮ್ಮ ಕರ್ತವ್ಯ. ನಿನ್ನೆಗಿಂತ ಇಂದು ಐನೂರು ಹೆಜ್ಜೆ ಹೆಚ್ಚಾದರೆ ಅದೇ ಸಾರ್ಥಕ. ನಡಿಗೆಯ ವೇಗಕ್ಕೆ ಗಡಿಯಾರದ ಅಪ್ಪಣೆಯೂ ಬೇಕಿಲ್ಲ. ಜೊತೆಯವರೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದು ಹದವಾದ ನಡಿಗೆ. ವಾರಕ್ಕೆ ಇಂಥ ನಡಿಗೆ 150 ನಿಮಿಷವಾದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ.

ಕ್ಯಾಲೊರಿಯ ಅಂಕಿಯನ್ನಂತೂ ಬಿಟ್ಟೇಬಿಡುವುದು ಲೇಸು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿ, ಗಡಿಯಾರಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳು ಹೃದಯಬಡಿತವನ್ನು ಶೇಕಡ 5ರೊಳಗಿನ ವ್ಯತ್ಯಾಸದಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದದ್ದೇ ಸರಾಸರಿ ಶೇಕಡ 27ರಷ್ಟು ತಪ್ಪಿತು. ಗಡಿಯಾರ ತೋರಿಸಿದ ಲೆಕ್ಕವನ್ನು ನಂಬಿ ಮತ್ತೊಂದು ಹೋಳಿಗೆಗೆ ಕೈಯೊಡ್ಡುವವರು ಇದನ್ನು ನೆನೆಯಬೇಕು.

ಇನ್ನು ಹೃದಯದ ಮಾತಿಗೆ ಬರೋಣ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ವಯಸ್ಸಾದವರಲ್ಲಿ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆಯೊಂದುಂಟು. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಮಿದುಳಿಗೆ ಸಾಗಿದರೆ ಪಾರ್ಶ್ವವಾಯು ಹೊಡೆಯುತ್ತದೆ. ಎಷ್ಟೋ ಜನರಿಗೆ ಈ ತೊಂದರೆ ಇರುವುದೇ ತಿಳಿದಿರುವುದಿಲ್ಲ. ಇಲ್ಲಿ ಗಡಿಯಾರದಿಂದ ನಿಜವಾದ ಉಪಕಾರವಿದೆ. ಆಪಲ್ ಗಡಿಯಾರ ಧರಿಸಿದ 4,19,297 ಜನರನ್ನು ಕುರಿತ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ನಾಡಿಯ ಲಯ ತಪ್ಪಿದೆಯೆಂಬ ಎಚ್ಚರಿಕೆ ಬಂದದ್ದು 2,161 ಜನರಿಗೆ, ಎಂದರೆ ಇನ್ನೂರಕ್ಕೆ ಒಬ್ಬರಂತೆ. ಆಮೇಲೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆ ಪೂರೈಸಿದ 450 ಜನರ ಪೈಕಿ ಶೇಕಡ 34 ಮಂದಿಯಲ್ಲಿ ಆ ತೊಂದರೆ ಕಂಡುಬಂದಿತು. ಈ ತೊಂದರೆ ಬಂದು ಹೋಗುವ ಸ್ವಭಾವದ್ದಾದುದರಿಂದ ಉಳಿದವರಿಗೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಎಚ್ಚರಿಕೆ ಬಂದರೆ ಗಾಬರಿಪಡದೆ, ಉದಾಸೀನವನ್ನೂ ಮಾಡದೆ, ವೈದ್ಯರಲ್ಲಿಗೆ ಹೋಗಿ ಇಸಿಜಿ ತೆಗೆಸತಕ್ಕದ್ದು.

ಆದರೆ ಎಚ್ಚರಿಕೆ ಬಾರದಿದ್ದರೆ ಎಲ್ಲ ಕ್ಷೇಮವೆಂದು ತಿಳಿಯುವುದು ಅಪಾಯ. ಕೆಲವು ಗಡಿಯಾರಗಳಲ್ಲಿ ಮತ್ತೊಂದು ಕೈಯ ಬೆರಳನ್ನು ಗುಂಡಿಯ ಮೇಲೆ 30 ಸೆಕೆಂಡು ಇಟ್ಟರೆ ಇಸಿಜಿಯ ಗೆರೆ ಮೂಡುತ್ತದೆ. ಅದು ಹೃದಯವನ್ನು ಒಂದೇ ದಿಕ್ಕಿನಿಂದ ನೋಡಿದ ನೋಟ. ಆಸ್ಪತ್ರೆಯ ಇಸಿಜಿ ಹನ್ನೆರಡು ನೋಟಗಳಿಂದ ನೋಡುತ್ತದೆ. ಲಯ ತಪ್ಪಿದ್ದನ್ನು ಅದು ಹೇಳೀತು, ಹೃದಯಾಘಾತವನ್ನು ಹೇಳಲಾರದು. ತಯಾರಕರೇ ಇದನ್ನು ಬರೆದು ತಿಳಿಸಿದ್ದಾರೆ, ಓದುವವರು ವಿರಳ. ನಮ್ಮ ಪರಿಚಯದ ಮನೆಯೊಂದರಲ್ಲಿ ಹಿರಿಯರಿಗೆ ನಡುರಾತ್ರಿ ಎದೆ ಬಿಗಿದು ಬೆವರು ಇಳಿಯಿತು. ಅವರು ಗಡಿಯಾರದ ಗುಂಡಿ ಒತ್ತಿ ನೋಡಿ, ಲಯ ಸರಿಯಿದೆಯೆಂದು ಅದು ತೋರಿಸಲಾಗಿ, ಸೋಡಾ ಕುಡಿದು ಮಲಗಲು ಹೊರಟರು. ಸೊಸೆ ಮಾತ್ರ ಒಪ್ಪಲಿಲ್ಲ. “ಗಡಿಯಾರ ಏನರ ಹೇಳ್ಲಿ ಮಾಮಾರ, ನೀವು ಮೊದಲ ಏಳ್ರಿ” ಎಂದು ಎಬ್ಬಿಸಿ ಗಾಡಿ ಹತ್ತಿಸಿದಳು. ಹೃದಯದ ರಕ್ತನಾಳವೊಂದು ಮುಚ್ಚಿಕೊಂಡಿದ್ದುದು ಆಸ್ಪತ್ರೆಯಲ್ಲಿ ತಿಳಿಯಿತು. ಅವರೀಗ ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾರೆ. ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ಕಾರಣವಿಲ್ಲದ ಬೆವರು ಕಂಡರೆ ಗಡಿಯಾರದತ್ತ ನೋಡದೆ 108ಕ್ಕೆ ಕರೆ ಮಾಡಿರಿ.

ರಕ್ತದೊತ್ತಡವನ್ನು ತೋರಿಸುವ ಗಡಿಯಾರಗಳೂ ಬಂದಿವೆ. ಬಹುತೇಕ ಗಡಿಯಾರಗಳಲ್ಲಿ ಇದು ಅಳತೆಯಲ್ಲ, ಅಂದಾಜು. ಸ್ಯಾಮ್‌ಸಂಗ್ ಗಡಿಯಾರವನ್ನು ತೋಳಪಟ್ಟಿಯ ಯಂತ್ರದೊಂದಿಗೆ 28 ದಿನಗಳಿಗೊಮ್ಮೆ ತಾಳೆ ಮಾಡಿಸಬೇಕೆಂದು ಅದರ ಕಂಪನಿಯೇ ವಿಧಿಸಿದೆ. ಒಂದೆರಡು ಸಾವಿರ ರೂಪಾಯಿಯ ಗಡಿಯಾರ ಯಾವ ತಾಳೆಯೂ ಇಲ್ಲದೆ 120–80 ಎಂದು ತೋರಿಸಿದರೆ ಅದನ್ನು ನಂಬಿ ಮಾತ್ರೆ ನಿಲ್ಲಿಸಬಾರದು. ಆ ಹಣಕ್ಕೆ ತೋಳಪಟ್ಟಿಯ ಯಂತ್ರವನ್ನೇ ಕೊಂಡರೆ ಮನೆಮಂದಿಗೆಲ್ಲ ಆದೀತು. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಹೇಳುತ್ತೇವೆಂಬ ಗಡಿಯಾರಗಳ ವಿಷಯದಲ್ಲಂತೂ ಸಂದೇಹಕ್ಕೇ ಎಡೆಯಿಲ್ಲ. ಅಂಥ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಮಾನ್ಯತೆ ಕೊಟ್ಟಿಲ್ಲವೆಂದು ಅಮೇರಿಕೆಯ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಆ ಅಂಕಿಯನ್ನು ನೋಡಿ ಇನ್ಸುಲಿನ್ ಹೆಚ್ಚು ಕಡಮೆ ಮಾಡಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಕೊರೋನಾ ಕಾಲದಲ್ಲಿ, 2020–21ರಲ್ಲಿ, ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಮನೆಮನೆಗೆ ಬಂದಿತು. ಕೆಂಪು ಮತ್ತು ಅತಿಕೆಂಪು ಬೆಳಕಿನಿಂದ ಆಮ್ಲಜನಕ ಅಳೆಯುವ ಆ ಉಪಾಯವನ್ನು ಕಂಡುಹಿಡಿದವರು ಜಪಾನಿನ ತಕುಒ ಅಒಯಾಗಿ, 1970ರ ದಶಕದಲ್ಲಿ. ಗಡಿಯಾರವೂ ಅದನ್ನೇ ಮಣಿಕಟ್ಟಿನಲ್ಲಿ ಮಾಡಲೆತ್ನಿಸುತ್ತದೆ. ಬೆರಳಿನಷ್ಟು ಅನುಕೂಲದ ತಾಣ ಅದಲ್ಲ. ಬಣ್ಣದ ತೊಡಕೂ ಇದೆ. ಆಸ್ಪತ್ರೆಯ ಬೆರಳಮಾಪಕಗಳೇ ಬಿಳಿಯರಿಗಿಂತ ಕಪ್ಪುಜನರಲ್ಲಿ ಆಮ್ಲಜನಕದ ಕೊರತೆಯನ್ನು ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಹೋದುವೆಂದು 2020ರ ಅಮೇರಿಕೆಯ ಅಧ್ಯಯನವೊಂದು ತೋರಿಸಿತು. ಎಣ್ಣೆಗೆಂಪಿನಿಂದ ಹಿಡಿದು ಕಡುಗಪ್ಪಿನವರೆಗೆ ಎಲ್ಲ ಬಣ್ಣದವರೂ ಇರುವ ನಮ್ಮ ಮನೆಗಳಲ್ಲಿ ಇದನ್ನು ಮರೆಯಲಾಗದು.

ನಿದ್ದೆಯ ವಿಷಯ ಕೊಂಚ ವಿನೋದದ್ದು. ಅಲುಗಾಟ ಮತ್ತು ನಾಡಿಯಿಂದ ಗಡಿಯಾರ ನಿದ್ದೆಯನ್ನು ಊಹಿಸುತ್ತದೆ. ಕಣ್ಣು ಬಿಟ್ಟು ಜಂತೆ ಎಣಿಸುತ್ತ ಅಲುಗದೆ ಮಲಗಿದವರನ್ನೂ ಅದು ನಿದ್ರಿಸಿದರೆಂದು ಬರೆದುಕೊಳ್ಳಬಹುದು. ಮಲಗಿದ ಒಟ್ಟು ಹೊತ್ತು ಸುಮಾರಾಗಿ ಸರಿ, ಗಾಢನಿದ್ರೆಯ ನಿಮಿಷಗಳ ಲೆಕ್ಕ ನೆಚ್ಚಲಾರದ್ದು. ಬೆಳಿಗ್ಗೆ ಹಾಯಾಗಿ ಎದ್ದವರು ಗಡಿಯಾರದ ಅಂಕ ಕಡಮೆಯಿದೆಯೆಂದು ದಿನವಿಡೀ ಮುಖ ಬಾಡಿಸಿಕೊಂಡಿರುವುದನ್ನು ನೋಡಿದ್ದೇವೆ. ಅಮೇರಿಕೆಯ ವೈದ್ಯರು 2017ರಲ್ಲಿ ಈ ವ್ಯಾಕುಲಕ್ಕೆ ‘ಆರ್ಥೊಸೋಮ್ನಿಯಾ’ ಎಂಬ ಹೆಸರನ್ನೇ ಇಟ್ಟರು.

ವ್ಯಾಯಾಮದ ಮೇಲ್ಮಿತಿಯೆಂದು ಗಡಿಯಾರ ತೋರುವ ನಾಡಿಯ ಸಂಖ್ಯೆ ಹೆಚ್ಚಾಗಿ 220ರಲ್ಲಿ ವಯಸ್ಸನ್ನು ಕಳೆದು ಬಂದದ್ದು. 65 ವರುಷದವರಿಗೆ 155. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳಂಥ ಮಾತ್ರೆ ನುಂಗುವವರ ನಾಡಿ ಔಷಧದಿಂದಲೇ ತಗ್ಗಿರುವುದರಿಂದ ಈ ಸೂತ್ರ ಅವರಿಗೆ ಅನ್ವಯಿಸದು. ಅವರು ವೈದ್ಯರನ್ನೇ ಕೇಳಬೇಕು.

ಒಬ್ಬರೇ ವಾಸಿಸುವ ಹಿರಿಯರಿಗೆ ಮಾತ್ರ ಒಂದು ಸೌಲಭ್ಯವನ್ನು ಮನಸಾರೆ ಶಿಫಾರಸು ಮಾಡುತ್ತೇವೆ. ಜೋರಾಗಿ ಬಿದ್ದುದನ್ನು ಗುರುತಿಸಿ, ಬಿದ್ದವರು ಉತ್ತರಿಸದಿದ್ದಾಗ ತಾನೇ ಕರೆ ಮಾಡಿ ಮಕ್ಕಳಿಗೆ ಸುದ್ದಿ ಮುಟ್ಟಿಸುವ ಗಡಿಯಾರಗಳಿವೆ. ಕೊಳ್ಳುವ ಮುನ್ನ ಆ ಅನುಕೂಲವಿದೆಯೇ, ಅದಕ್ಕೆ ಮೊಬೈಲು ಸಮೀಪದಲ್ಲಿರಬೇಕೇ ಎಂಬುದನ್ನು ಅಂಗಡಿಯವರಲ್ಲಿ ಕೇಳಿರಿ. ವಯಸ್ಸಾದವರು ಜಾರಿ ಬೀಳುವ ಜಾಗಗಳಲ್ಲಿ ಬಚ್ಚಲುಮನೆ ಮುಖ್ಯವಾದದ್ದು, ಎಲ್ಲರೂ ಗಡಿಯಾರ ಬಿಚ್ಚಿಟ್ಟು ಹೋಗುವುದೂ ಅಲ್ಲಿಗೇ. ನೀರು ತಾಳುವ ಗಡಿಯಾರವಾದರೆ ಸ್ನಾನಕ್ಕೂ ಅದನ್ನು ಕಟ್ಟಿಕೊಂಡೇ ಹೋಗತಕ್ಕದ್ದು, ಸ್ನಾನವಾದ ಮೇಲೆ ಕೈಯನ್ನೂ ಪಟ್ಟಿಯನ್ನೂ ಚೆನ್ನಾಗಿ ಒರೆಸಿಕೊಳ್ಳತಕ್ಕದ್ದು. ಚಾರ್ಜಿಗಿಡಲು ಪೂಜೆಯ ಹೊತ್ತೇ ಅನುಕೂಲ. ಹೊತ್ತಾಯಿತು, ಎದ್ದು ನಿಲ್ಲಿರೆಂದು ಅನುಸಂಧಾನದ ನಡುವೆ ಎಡಗೈಯನ್ನು ಅದುರಿಸುವ ಅದರ ಕಾಟ ಆಗ ಇರುವುದಿಲ್ಲ. ಪೂಜೆ ಮುಗಿಸಿ ಕಟ್ಟಿಕೊಳ್ಳುವಾಗ ಮಣಿಕಟ್ಟಿನ ವಿಭೂತಿ ಹಿಂಬದಿಯ ಗಾಜಿಗೆ ಮೆತ್ತಿದರೆ ಹಸಿರು ದೀಪದ ಓದು ಕೆಡಬಹುದು. ಆದುದರಿಂದ ಪಟ್ಟಿಯನ್ನು ಎರಡು ಬೆರಳು ಮೇಲಕ್ಕೆ, ಮೊಳಕೈಯ ಕಡೆಗೆ ಸರಿಸಿ ಕಟ್ಟಿರಿ.